ಐದು ಮೀಟರ್ ನಡಿಗೆ

೧೪ ಮಾರ್ಚ್, ಬೆಳಿಗ್ಗೆ

ಪ್ರೀತಿಯ ಮಗಳೇ,

ಮೊದಲು ಕೂತುಕೋ, ಆಮೇಲೆ ಓದು. ಮೂರು ತಿಂಗಳಿಂದ ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದು ಹೇಳುತ್ತಾ ಬಂದದ್ದು ಅರ್ಧ ಸುಳ್ಳು. ಹೃದಯದ ವಾಲ್ವ್ ಹಾಕಿಸಿಕೊಂಡೆ.

ನೀನು ಬೇಡವೆಂದಿದ್ದೆ. ಇಂಥ ರೋಗಿಗಳನ್ನು ದಿನಾ ನೋಡುವ ನರ್ಸ್ ನೀನು. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ವಾಲ್ವ್ ಸರಿಹೋದರೂ ಮೈ ತಡೆಯುವುದಿಲ್ಲ, ನಡೆದುಕೊಂಡು ಬಂದವರು ಹಾಸಿಗೆ ಹಿಡಿದದ್ದನ್ನು ಕಂಡಿದ್ದೇನೆ ಎಂದೆ ನೀನು. ಹೊಲಿಗೆ ಬಿಟ್ಟ ಬಟ್ಟೆಯನ್ನು ಎಸೆಯುವವಳು ನೀನು, ಹೊಲಿಯುವವಳು ನಾನು ಎಂದು ನಿನ್ನನ್ನು ಚುಚ್ಚಿದೆ. ಆ ಮಾತು ಆಡಬಾರದಿತ್ತು.

ಯಾಕೆಂದರೆ ನೀನು ಹೇಳಿದ್ದೇ ಡಾಕ್ಟರ ಬಾಯಲ್ಲೂ ಬಂತು. ಅವರು ಮೊದಲು ನನ್ನನ್ನು ಐದು ಮೀಟರ್ ನಡೆಸಿದರು. ಒಂಬತ್ತು ಸೆಕೆಂಡು ಹಿಡಿಯಿತು, ಆರು ದಾಟಬಾರದಂತೆ. ಕೈಯ ಹಿಡಿತ ಅಳೆಯುವ ಯಂತ್ರ ಕೊಟ್ಟರು. ಹೊಲಿಗೆ ಅಂಗಡಿಯಲ್ಲಿ ಐವತ್ತು ವರ್ಷ ಕತ್ತರಿ ಹಿಡಿದ ಕೈ, ಅದರಲ್ಲಿ ಪಾಸು. ಕೈ ಊರದೆ ಕುರ್ಚಿಯಿಂದ ಏಳಿ ಎಂದರು. ಏಳಲಾಗಲಿಲ್ಲ. ನಿನ್ನ ದೊಡ್ಡಮ್ಮ ಎದುರಿಗೇ ಇದ್ದಳು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ.

"ವಾಲ್ವ್ ನಾನು ಹಾಕ್ತೀನಮ್ಮ. ಅದನ್ನ ತಡ್ಕೊಳೋ ಕಸುವು ಮೈಯಲ್ಲಿ ಬೇಕಲ್ಲ, ಅದು ನಿಮ್ಮ ಕೆಲಸ," ಅಂದರು.

ಆರು ವಾರ ಕೊಟ್ಟರು. ಮೊಟ್ಟೆ, ಬೇಳೆ, ಹಾಲು, ಹೊತ್ತು ಹೊತ್ತಿಗೆ. ವ್ಯಾಯಾಮ ಹೇಳಿಕೊಡುವ ಹುಡುಗಿ ಕುರ್ಚಿಯಿಂದ ಎಬ್ಬಿಸಿ ಕೂರಿಸುತ್ತಿದ್ದಳು. ಎಣಿಸುವ ಕೆಲಸ ದೊಡ್ಡಮ್ಮನದು. ಎರಡು ಸಲ ಎದ್ದರೆ ಮೂರು ಎನ್ನುವಳು, ಆಮೇಲೆ ಆ ಹುಡುಗಿಯ ಕೈಯಲ್ಲಿ ಬೈಸಿಕೊಳ್ಳುವಳು. ಆರನೇ ವಾರ ಹನ್ನೊಂದು ಸಲ ಎದ್ದೆ, ಸುಳ್ಳೆಣಿಕೆ ಇಲ್ಲದೆ.

ತೊಡೆಯ ರಕ್ತನಾಳದ ಮೂಲಕ ವಾಲ್ವ್ ಹಾಕಿದರು. ಅದು ಸಲೀಸಾಗಿ ಆಯಿತು. ಮಾರನೇ ದಿನ ಎದೆಬಡಿತ ಕುಸಿಯಿತು, ಪೇಸ್‌ಮೇಕರ್ ಇಟ್ಟರು. ಆಮೇಲೆ ಬುದ್ಧಿಯೂ ಜಾರಿತಂತೆ. ಡ್ರಿಪ್ ಕಿತ್ತುಹಾಕಿ, ಅಂಗಡಿ ತೆಗೆಯಬೇಕು, ಅಳತೆ ಟೇಪು ಎಲ್ಲಿ ಎಂದು ಕೂಗಾಡಿದೆನಂತೆ. ನೀನು ಹೆದರಿದ್ದು ಇದಕ್ಕೇ ಅಲ್ಲವೇ? ನಿನಗೆ ಹೇಳಕೂಡದೆಂದು ದೊಡ್ಡಮ್ಮನಿಂದ ಆಣೆ ಮಾಡಿಸಿಕೊಂಡಿದ್ದೆ. ಪಾಪ, ಅವಳು ನನಗೆ ಕನ್ನಡಕ ಹಾಕಿ, ಕೈ ಹಿಡಿದು, ಇವತ್ತು ಯಾವ ವಾರ, ಈಗೆಷ್ಟು ಗಂಟೆ ಎಂದು ಎರಡು ದಿನ ಹೇಳಿದ್ದನ್ನೇ ಹೇಳಿದಳು. ಮೂರನೇ ಬೆಳಿಗ್ಗೆ ನಾನು ಅಕ್ಕಾ ಎಂದಾಗ ಅವಳಿಗೆ ಅಳು, ನಗು ಎರಡೂ ಬಂತು.

"ಎರಡು ದಿನ ನನ್ನ ಯಾರು ಅಂದ್ಕೊಂಡಿದ್ದೆ ಗೊತ್ತಾ? ಅಳತೆ ಕೊಡದೆ ಜಗಳ ಆಡೋ ಗಿರಾಕಿ ಅಂತ," ಅಂದಳು.

ಅವತ್ತೇ ಆ ವ್ಯಾಯಾಮದ ಹುಡುಗಿ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಮೊದಲ ದಿನ ಬಾಗಿಲವರೆಗೆ. ಮನೆಗೆ ಬಂದ ಮೇಲೆ ಬೀದಿಯ ತುದಿಯವರೆಗೆ, ಆಮೇಲೆ ಮಾರುಕಟ್ಟೆಗೆ. ಕಳೆದ ವಾರ ಡಾಕ್ಟರು ಮತ್ತೆ ಐದು ಮೀಟರ್ ನಡೆಸಿದರು. ಐದು ಸೆಕೆಂಡು. ಗಡಿಯಾರ ಕೆಟ್ಟಿರಬೇಕೆಂದು ಇನ್ನೊಮ್ಮೆ ನಡೆಸಿದರು. ಮತ್ತೆ ಐದೇ. ನಾನೋ, ನಿಮ್ಮ ಕೋಟಿನ ಹೆಗಲು ಜೋಲು ಬಿದ್ದಿದೆ, ತಂದುಕೊಡಿ ಸರಿಮಾಡುತ್ತೇನೆ ಎಂದು ಗತ್ತಿನಿಂದ ಹೊರಗೆ ಬಂದೆ.

ನೀನು ಹೆದರಿದ್ದು ತಪ್ಪಲ್ಲ ಮಗಳೇ. ನಾನೂ ಹೆದರಿದ್ದೆ. ನಿನ್ನಿಂದ ಮುಚ್ಚಿಟ್ಟದ್ದು ಮಾತ್ರ ನನ್ನ ತಪ್ಪು.

ನಿನ್ನ ಹಟಮಾರಿ
ಅಮ್ಮ

ತಾ.ಕ.: ಲಕೋಟೆಗೆ ಅಂಚೆಚೀಟಿ ಯಾಕಿಲ್ಲ ಎಂದು ಯೋಚಿಸಬೇಡ. ನಿಮ್ಮ ಆಸ್ಪತ್ರೆಯ ಲಿಫ್ಟ್ ಕೆಟ್ಟಿದೆ. ನಿನ್ನ ವಾರ್ಡು ಮೂರನೇ ಮಹಡಿ. ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿಬಂದೆ. ಹೊರಗಿನ ಬೆಂಚಿನಲ್ಲಿದ್ದೇನೆ. ಆತುರವಿಲ್ಲ, ಮೊದಲು ನಿನ್ನ ರೋಗಿಗಳನ್ನು ನೋಡು.