ಗೋದಾಮಿನ ಗೋಡೆಯ ಗೀಟು

ಮಂಗಳವಾರ, ಮಧ್ಯಾಹ್ನ
ಅಂಗಡಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನಿಂದ

ಪರಮಪೂಜ್ಯ ಅಕ್ಕನವರ ಸನ್ನಿಧಾನಕ್ಕೆ, ಮನೆಯ ಕಿರಿಯ ಅಪರಾಧಿಯ ಸಾಷ್ಟಾಂಗ ನಮಸ್ಕಾರಗಳು.

ಸಾಷ್ಟಾಂಗ ಅಂದದ್ದು ಅಲಂಕಾರಕ್ಕಲ್ಲ. ಮೇಜಿನ ಕೆಳಗೆ ಬೋರಲು ಮಲಗಿಯೇ ಬರೆಯುತ್ತಿದ್ದೇನೆ. ಅಪ್ಪ ಮಹಡಿಯಲ್ಲಿ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಮಂಚ ಆಗಾಗ ಕಿರ್ರನ್ನುತ್ತಿದೆ. ನಿನಗೆ ಭಾನುವಾರ ಮಾತ್ರ ಫೋನು ಕೊಡುತ್ತಾರೆ. ಕೊಟ್ಟರೂ ನಾನು ಹೇಳುತ್ತಿರಲಿಲ್ಲ. ನನ್ನ ದನಿ ಕೇಳಿದ ಕೂಡಲೇ ನೀನು ಏನೇ ಆಯ್ತು ಅನ್ನುತ್ತೀಯ, ನಾನು ಅತ್ತುಬಿಡುತ್ತೇನೆ, ಹದಿನೇಳು ವರ್ಷ ಬೆವರು ಸುರಿಸಿ ಗಳಿಸಿದ ಪೋಕರಿ ಅನ್ನುವ ಬಿರುದು ಮಣ್ಣುಪಾಲಾಗುತ್ತದೆ.

ನೀನು ಬೆಂಕಿ ಆರಿಸುವವರ ತರಬೇತಿಗೆ ಹೊರಟ ಮರುದಿನ, ಆಸ್ಪತ್ರೆಯಿಂದ ಅಪ್ಪನಿಗೆ ವ್ಯಾಯಾಮ ಹೇಳಿಕೊಡುವ ಮೇಡಂ ಬಂದಿದ್ದರು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರು ಇವತ್ತೇ ಊರು ಸುತ್ತೋಕೆ ಹೊರಡಬೇಡಿ, ಹೃದಯ ಈಗಷ್ಟೇ ಪೆಟ್ಟು ತಿಂದಿದೆ, ನಿಮ್ಮ ಕೈಲಾಗುವಷ್ಟನ್ನೇ ಗುರಿ ಇಟ್ಕೊಳ್ಳಿ ಅಂದರು. ದಿನಕ್ಕೊಮ್ಮೆ ಅರವತ್ತು ಮೀಟರು ಹೋಗಿ, ಕೂತು ಸುಧಾರಿಸಿಕೊಂಡು, ವಾಪಸ್ಸು. ಮೂರು ವಾರ ಅಷ್ಟೇ, ಆಮೇಲೆ ತಾವೇ ಬಂದು ನೋಡಿ ಹೆಚ್ಚಿಸುವುದು. ನಡೆಯುತ್ತಾ ಮಾತಾಡೋಕೆ ಆಗಬೇಕು, ಮಾತು ನಿಂತರೆ ಕಾಲೂ ನಿಲ್ಲಬೇಕು ಅಂತ ಎರಡೆರಡು ಸಲ ಹೇಳಿದರು. ಅಪ್ಪ ಅರವತ್ತು ಮೀಟರನ್ನು ತಮ್ಮ ಒಂದೂವರೆ ಮೀಟರಿನ ಅಳತೆ ಟೇಪಿಗೆ ಇಳಿಸಿ, ಹಾಗನ್ನಿ, ನಲವತ್ತು ಟೇಪು ಅಂದರು.

ನಮ್ಮ ಅಂಗಡಿ ಪಕ್ಕದ ಗೋದಾಮಿನ ಗೋಡೆ ನಿನಗೆ ಗೊತ್ತಲ್ಲ, ಬಾಗಿಲಿಲ್ಲ, ಕಿಟಕಿಯಿಲ್ಲ, ಉದ್ದಕ್ಕೂ ಒಂದೇ ಬೂದಿ ಬಣ್ಣ. ಅದರ ಮೇಲೆ ನಲವತ್ತನೇ ಟೇಪಿಗೆ ಸೀಮೆಸುಣ್ಣದ ಗೀಟು ಎಳೆಯುವ ರಾಜಕಾರ್ಯ ನನ್ನ ಪಾಲಿಗೆ ಬಂತು.

ಮೊದಲ ದಿನ ಅಪ್ಪ ದಾರಿಯುದ್ದಕ್ಕೂ ಗಿರಾಕಿಗಳನ್ನು ಬೈಯುತ್ತಲೇ ಗೀಟು ಮುಟ್ಟಿದರು. ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ ಕಣೇ, ಆಮೇಲೆ ಬಿಗಿಯಾಯ್ತು ಅಂತ ನನ್ನ ಮೇಲೆ ಬೀಳ್ತಾರೆ. ಮೈ ಸುಳ್ಳು ಹೇಳುತ್ತೆ, ಗೀಟು ಹೇಳಲ್ಲ ಅಂದರು. ಈ ಮಾತನ್ನು ನೆನಪಿಟ್ಟುಕೋ.

ಮರುದಿನ ಬೆಳಿಗ್ಗೆ ಹಾಲು ತರಲು ಹೋದಾಗ ಒದ್ದೆ ಬಟ್ಟೆಯಿಂದ ಗೀಟು ಒರೆಸಿ, ಎರಡು ಟೇಪು ಮುಂದಕ್ಕೆ ಎಳೆದೆ. ಅದರ ಮರುದಿನ ಇನ್ನೆರಡು. ತಮಾಷೆಗೆ ಅಂತ ನನಗೆ ನಾನೇ ಹೇಳಿಕೊಂಡೆ. ಮೂರನೇ ವಾರ ಮೇಡಂ ಮುಂದೆ ಗುಟ್ಟು ಬಿಚ್ಚುವುದು, ಅಪ್ಪನಿಗೆ ನಡಿಗೆ ಚಕ್ರವರ್ತಿ ಅಂತ ಬಿರುದು ಕೊಡುವುದು. ಪ್ರಶಸ್ತಿ ಪತ್ರವೂ ತಯಾರಾಗಿದೆ, ಆಲೂಗಡ್ಡೆ ಕೊರೆದು ಮಾಡಿದ ಮುದ್ರೆ ಸಮೇತ. ಅಕ್ಕ, ನಿಜ ಬೇರೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವರ ಪಾದಗಳು ಹೊದಿಕೆಯಾಚೆ ಬಂದಿದ್ದವು, ಎಷ್ಟು ಸಣ್ಣ ಪಾದಗಳು. ನನಗೆ ಹಳೇ ಅಪ್ಪ ಬೇಕಿತ್ತು, ಬೇಗ ಬೇಕಿತ್ತು.

ಐದಾರು ದಿನಕ್ಕೆ ಗಿರಾಕಿಗಳಿಗೆ ಬೈಗುಳ ಕಡಿಮೆಯಾಯಿತು. ಹತ್ತನೇ ದಿನದ ಹೊತ್ತಿಗೆ ಪೂರ್ತಿ ನಿಂತಿತು. ನಾನು ಅಪ್ಪನ ಸ್ವಭಾವ ಸುಧಾರಿಸಿತು ಅಂದುಕೊಂಡೆ ನೋಡು, ಇಂಥ ಬುದ್ಧಿವಂತೆಯನ್ನು ಎಲ್ಲಿ ಕಂಡಿದ್ದೀಯ.

ಆಮೇಲೆ ಅಪ್ಪ ವಿಚಿತ್ರವಾಗಿ ಆಡತೊಡಗಿದರು. ವರ್ಷದಿಂದ ಬಿದ್ದಿದ್ದ ಬಟ್ಟೆಗಳನ್ನೆಲ್ಲ ಹೊಲಿದು ಮುಗಿಸಿ, ಗಿರಾಕಿಗಳಿಗೆ ಹೇಳಿಕಳಿಸಿದರು. ಯಾರ ಕೈಗೂ ಕೊಡದ ದೊಡ್ಡ ಕತ್ತರಿಯನ್ನು ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಎತ್ತಿಟ್ಟರು. ಶನಿವಾರ ನನ್ನನ್ನು ನಿಲ್ಲಿಸಿ ಅಳತೆ ತೆಗೆದು ಒಂದು ಕೋಟು ಹೊಲಿದರು, ಹೊಲಿಗೆಯೊಳಗೆ ಪೂರಾ ಎರಡು ಇಂಚು ಬಟ್ಟೆ ಬಿಟ್ಟು. ಇಷ್ಟು ಯಾಕಪ್ಪ, ನಾನೇನು ಆನೆ ಆಗ್ತೀನಾ ಅಂದೆ. ಮುಂದೆ ಬೇಕಾದಾಗ ಬಿಚ್ಚಿಸ್ಕೋ, ಯಾವ ಟೈಲರಾದರೂ ಬಿಚ್ಚಿಕೊಡ್ತಾನೆ ಅಂದರು.

ಯಾವ ಟೈಲರಾದರೂ. ಬೇರೆ ಟೈಲರು ಮುಟ್ಟಿದ ಬಟ್ಟೆಯನ್ನು ಒರೆಸುಬಟ್ಟೆಗೂ ಲಾಯಕ್ಕಿಲ್ಲ ಅನ್ನುವ ಮನುಷ್ಯ.

ನಿನ್ನೆ ಸಂಜೆ ಗೀಟು ಮುಟ್ಟಿ ಗೋಡೆಗೆ ಒರಗಿದವರು ಉಸಿರು ಸುಧಾರಿಸಿಕೊಂಡರು. ಆಮೇಲೆ ಹೇಳಿದರು, ಗುಂಡುಸೂಜಿ, ನಿಮ್ಮಕ್ಕನಿಗೆ ಹೇಳಬೇಡ. ಮೊದಲನೇ ದಿನ ಇಲ್ಲಿಗೆ ಬೈಕೊಂಡು ಬಂದೆ. ಈಗ ಗೋಡೆ ಹಿಡ್ಕೊಂಡು ಬರ್ತೀನಿ. ಗೀಟು ಇದ್ದಲ್ಲೇ ಇದೆ. ಕಮ್ಮಿ ಆಗ್ತಿರೋದು ನಾನು.

ಆಗ ಗೀಟು ಇದ್ದದ್ದು ಎಪ್ಪತ್ತೆರಡನೇ ಟೇಪಿನಲ್ಲಿ.

ನಾನೇನು ಮಾಡಿದೆ ಗೊತ್ತಾ? ನಕ್ಕೆ. ನಿಮ್ಮದೆಲ್ಲ ನಾಟಕ ಅಪ್ಪ ಅಂದೆ. ನಗುವುದೊಂದೇ ಬಂತು. ಹೇಳಿದರೆ ಆ ಕೋಪಕ್ಕೇ ಎದೆಗೆ ಏನಾದರೂ ಆದರೆ? ಹೇಳದಿದ್ದರೆ, ತಾನು ಮುಗಿದೆ ಅಂತ ನಂಬಿದವರು ಎಷ್ಟು ದಿನ ಇರುತ್ತಾರೆ?

ಆದ್ದರಿಂದ ಈ ಸಭೆ, ಅಂದರೆ ನಾನು ಮತ್ತು ಮೇಜಿನ ನಾಲ್ಕು ಕಾಲು, ಸರ್ವಾನುಮತದಿಂದ ಹೀಗೆ ತೀರ್ಮಾನಿಸಿದೆ. ಈಗಲೇ ಗೀಟನ್ನು ನಲವತ್ತಕ್ಕೆ ತರುವುದು. ಸಂಜೆ ಅಪ್ಪ ಸಲೀಸಾಗಿ ಮುಟ್ಟುತ್ತಾರೆ, ಹುಷಾರಾದೆ ಅಂದುಕೊಳ್ಳುತ್ತಾರೆ, ಕತ್ತರಿ ಹೊರಗೆ ಬರುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೀನು ಇದನ್ನು ಓದಿ ಸುಟ್ಟುಬಿಡು. ಹೇಗೂ ಬೆಂಕಿ ಆರಿಸುವುದು ನಿನ್ನದೇ ಇಲಾಖೆ.

ಇಂತಿ ನಿನ್ನ ಮೊನಚು ಮುರಿದ
ಗುಂಡುಸೂಜಿ

ತಾ.ಕ. ಬುಧವಾರ, ಬೆಳಿಗ್ಗೆ. ಆಸ್ಪತ್ರೆಯ ಬೆಂಚಿನ ಮೇಲಿಂದ.

ಗೀಟನ್ನು ನಲವತ್ತಕ್ಕೆ ತಂದಿದ್ದೆ. ಅಪ್ಪ ಅಲ್ಲಿಗೂ ಮುಟ್ಟಲಿಲ್ಲ, ಅಕ್ಕ. ಇಪ್ಪತ್ತಾರರ ಹತ್ತಿರ ಗೋಡೆಗೆ ಒರಗಿ ಹಾಗೇ ಜಾರಿ ಕೂತುಬಿಟ್ಟರು. ಪಕ್ಕದಲ್ಲಿ ನೆಲದ ಮೇಲೆ ಕೂತು ಒಂದೇ ಉಸಿರಿಗೆ ಎಲ್ಲಾ ಹೇಳಿಬಿಟ್ಟೆ. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿ ಅಂತಲೇ ಹತ್ತಿರ ಸರಿದೆ. ಉಸಿರು ಬಂದ ಮೇಲೆ ಅವರು ಆಡಿದ ಮೊದಲ ಮಾತು, ಎಪ್ಪತ್ತೆರಡಾ? ಆಮೇಲೆ, ನಿಜ ಹೇಳೇ, ಎಪ್ಪತ್ತೆರಡು ನಾನೇ ನಡೆದೆನಾ? ಮುಖದ ಮೇಲೆ ಬಹುಮಾನ ಗೆದ್ದವರ ಕಳೆ. ತುಟಿ ಮಾತ್ರ ಬೆಳ್ಳಗಿತ್ತು.

ಮೇಡಂಗೆ ಫೋನು ಮಾಡಿದೆ. ಈಗಿಂದೀಗಲೇ ಕರ್ಕೊಂಡು ಬಾ, ದಿನಾ ಎಷ್ಟು ನಡೆದಿದ್ದಾರೆ ಬರ್ಕೊಂಡು ಬಾ, ಡಾಕ್ಟರಿಗೆ ನಿಜವಾದ ಲೆಕ್ಕ ಬೇಕು ಅಂದರು. ಪ್ರಶಸ್ತಿ ಪತ್ರದ ಹಿಂಬದಿಯಲ್ಲಿ ಹದಿನೆಂಟು ದಿನದ್ದೂ ಬರೆದುಕೊಟ್ಟಿದ್ದೇನೆ. ನನ್ನಿಂದ ಆಯ್ತಾ ಅಂತ ಡಾಕ್ಟರನ್ನು ಕೇಳಿದೆ. ನೋಡೋಣ ಅಂದರು, ಇಲ್ಲ ಅನ್ನಲಿಲ್ಲ.

ನಿನ್ನ ತರಬೇತಿ ಕಚೇರಿಗೆ ಸುದ್ದಿ ಮುಟ್ಟಿಸಿದ್ದೇನೆ, ಹೊರಟಿದ್ದೀಯಂತೆ. ಇದನ್ನು ಅಂಚೆಗೆ ಹಾಕುವುದಿಲ್ಲ. ನೀನು ಬಂದಾಗ ಕೈಗೇ ಕೊಡುತ್ತೇನೆ, ಬಾಯಲ್ಲಿ ಇನ್ನೊಮ್ಮೆ ಹೇಳುವ ಧೈರ್ಯ ಇಲ್ಲ. ಒಳಗೆ ಕರೆದುಕೊಂಡು ಹೋಗುವಾಗ ಅಪ್ಪ, ಇಲ್ಲಿ ಚಳಿ, ಕೋಟು ಹಾಕ್ಕೋ ಅಂದರು. ಹಾಕಿಕೊಂಡಿದ್ದೇನೆ. ಒಳಗೆ ಬಿಟ್ಟ ಎರಡು ಇಂಚು ಬಟ್ಟೆ ಎರಡೂ ಪಕ್ಕೆಗೆ ಒತ್ತುತ್ತಿದೆ. ಅದನ್ನು ಅಪ್ಪ ಬಿಟ್ಟು ಬೇರೆ ಯಾರ ಕೈಯಲ್ಲೂ ಬಿಚ್ಚಿಸುವುದಿಲ್ಲ.