ಇಪ್ಪತ್ತೇಳನೇ ನಂಬರಿನ ಬಿಸ್ಕತ್ತು

ರೊಳ್ಳ
29-10-2002, ಮಂಗಳವಾರ

ಕಟಿಂಗ್ ಮಾಸ್ಟರ್ ನಾಗಾರ್ಜುನ ಅವರಿಗೆ,

ಹೆಸರು ಹಿಡಿದು ಬರೆದೆನೆಂದು ಹುಬ್ಬು ಗಂಟಿಕ್ಕಬೇಡಿ. "ಯಜಮಾನರಿಗೆ" ಎಂದು ಶುರುಮಾಡಲು ಕೂತಿದ್ದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಮದುವೆಯಾದ ಮೂರು ವರ್ಷದಲ್ಲಿ ನೀವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಇವಳೇ" ಎಂದರೆ ನಾನು. "ಏಯ್" ಎಂದರೆ ಇನ್ನೂ ಬೇಗ ಬರಬೇಕಾದ ನಾನು. ಇಬ್ಬರಲ್ಲಿ ಒಬ್ಬರಾದರೂ ಶುರುಮಾಡಲಿ ಎಂದು ನಾನೇ ಮಾಡಿದ್ದೇನೆ. ಇಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಚೆನ್ನಾಗಿದ್ದಾರೆ. ಕಡಲೆಕಾಯಿ ಕಿತ್ತು ಮುಗಿಯಿತು. ನಿಮ್ಮ ಬಗ್ಗೆ ಏನೂ ಕೇಳಬಾರದು ಎಂದುಕೊಂಡಿದ್ದೆ. ಊಟ ಸರಿಯಾಗಿ ಮಾಡುತ್ತಿದ್ದೀರಾ?

ಮೊದಲು ಜಗಳದ ಮಾತು ಮುಗಿಸುತ್ತೇನೆ. ಆಗಸ್ಟ್ ನಾಲ್ಕರ ಭಾನುವಾರ ನಡೆದದ್ದನ್ನು ನೀವು ರಾಯದುರ್ಗದಲ್ಲೆಲ್ಲ ನಿಮಗೆ ಬೇಕಾದ ಹಾಗೆ ಹೇಳಿಕೊಂಡಿರುತ್ತೀರಿ. ನನ್ನ ಪ್ರಕಾರ ಅದು ಹೀಗಿದೆ. ನಿಮ್ಮ ಜೀನ್ಸ್ ಹೊಲಿಯುವ ಯೂನಿಟ್ಟಿನ ನಾಲ್ವರು ಮನೆಗೆ ಬಂದಿದ್ದರು. ಮನೆಯ ಮಾಲೀಕರಾದ ಟೀ ಅಂಗಡಿ ಮರುಳಪ್ಪನವರೂ, ಅವರ ತಮ್ಮ ರುದ್ರಮುನಿಯೂ ಇದ್ದರು. ಟೀ ಜೊತೆ ಬಿಸ್ಕತ್ತು ಇಟ್ಟೆ. ಅದೇ, ಮೇಲೆ ಸಕ್ಕರೆ ಉದುರಿಸಿ, ಎನ್, ಐ, ಸಿ, ಇ ಎಂದು ಇಂಗ್ಲಿಷಿನ ನಾಲ್ಕು ಅಕ್ಷರ ಒತ್ತಿರುವ, ಕೊಬ್ಬರಿ ವಾಸನೆಯ ಬಿಸ್ಕತ್ತು. ನೀವು "ನೈಸ್ ಬಿಸ್ಕತ್ತು, ತಗಳ್ರಪ್ಪ" ಎಂದಿರಿ. ನಾನು ಬಾಗಿಲಲ್ಲಿ ನಿಂತಿದ್ದವಳು ಸುಮ್ಮನಿರಲಾರದೆ, ಅದು ನೈಸ್ ಅಲ್ಲ, ನೀಸ್, ಫ್ರಾನ್ಸ್ ದೇಶದಲ್ಲಿ ಸಮುದ್ರದ ಪಕ್ಕ ಆ ಹೆಸರಿನ ಊರಿದೆ ಎಂದೆ. ಮರುಳಪ್ಪನವರು, "ಅಲ್ಲವ್ವ ತಂಗಿ, ಯಾವಾಕಿಯೋ ರಾಣಿ ತಿಂದು, ಭಾಳ ನೈಸ್ ಐತಿ ಅಂದಳಂತ. ಅದಕ್ಕ ಆ ಹೆಸರು" ಎಂದರು. ರುದ್ರಮುನಿ, "ರಾಣಿ ಯಾಕ ಬೇಕಣ್ಣ? ಹಿಟ್ಟು ನೈಸಾಗಿ ಬೀಸಿರ್ತಾರ, ಅದಕ್ಕ ನೈಸ್" ಎಂದ. ನಗುನಗುತ್ತಲೇ ಮುಗಿಯಬೇಕಾದ ಮಾತು ಅದು. ನೀವು ಎಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿ, "ಏಳನೇ ಕ್ಲಾಸು ಓದಿ ಫ್ರಾನ್ಸಿಗೆ ಹೋಗ್ಬಂದವ್ಳೆ ನಮ್ಮನೆಯವ್ಳು, ಕೇಳ್ಕಳ್ರಪ್ಪ" ಎಂದಿರಿ. ಎಲ್ಲರೂ ನಕ್ಕರು. ಮಾರನೆಯ ದಿನ ಮೊದಲನೇ ಬಸ್ಸಿಗೆ ನಾನು ತವರಿಗೆ ಬಂದೆ.

ಬಿಸ್ಕತ್ತಿನ ಹೆಸರಿಗೆ ಗಂಡನನ್ನು ಬಿಟ್ಟು ಬಂದವಳು ಎಂದು ರೊಳ್ಳದಲ್ಲಿ ನನಗೆ ದೊಡ್ಡ ಹೆಸರಾಗಿದೆ. ನಾನೂ ಆ ಹೆಸರನ್ನು ಹಾಗೆಯೇ ಇಟ್ಟುಕೊಂಡೆ, ಯಾಕೆಂದರೆ ನಿಜ ಹೇಳಲು ನಾಚಿಕೆಯಾಗಿತ್ತು. ನಿಜ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೂ ಎರಡು ದಿನ ಮೊದಲು ಶುಕ್ರವಾರ ನಾನು ಯೂನಿಟ್ಟಿಗೆ ಬಂದು ಮಿಷಿನ್ ಮೇಲೆ ಕೂರುತ್ತೇನೆ ಎಂದು ಕೇಳಿದ್ದೆ. ಮಡಕಶಿರಾದಲ್ಲಿ ಆರು ತಿಂಗಳು ಹೊಲಿಗೆ ಕಲಿತವಳು ನಾನು. ನೀವು ಅನ್ನ ಕಲಸುತ್ತಲೇ, "ಮಾಸ್ಟರ್ ಹೆಂಡ್ತಿ ಟೈಲರುಗಳ ಸಾಲಲ್ಲಿ ಕೂತ್ರೆ ನನ್ ಮರ್ವಾದೆ ಏನಾಗ್ಬೇಕು?" ಎಂದಿರಿ. ಆ ಮಾತು ಎರಡು ದಿನ ಗಂಟಲಲ್ಲೇ ಇತ್ತು. ಭಾನುವಾರ ನೀವು ನೈಸ್ ಎಂದಾಗ ನಾನು ಬೇಕೆಂದೇ ಬಾಯಿ ಹಾಕಿದೆ. ಇವಳಿಗೂ ಏನೋ ಗೊತ್ತಿದೆ ಎಂದು ಒಬ್ಬರಾದರೂ ಅನ್ನಲಿ ಎಂದು ಆಸೆಪಟ್ಟಿದ್ದೆ.

ಇನ್ನು ನೀವು ಕಳಿಸಿದ ಚೀಲದ ಕತೆ. ನಿಮ್ಮಿಂದ ಎಷ್ಟು ಅವಾಂತರವಾಯಿತು ಎಂಬುದು ನಿಮಗೆ ತಿಳಿಯಲೇಬೇಕು. ಹದಿನೆಂಟನೇ ತಾರೀಖು ಬಸ್ಸಿನ ಕಂಡಕ್ಟರು ಅದನ್ನು ಓಬಯ್ಯನ ಅಂಗಡಿಯಲ್ಲಿ ಕೊಟ್ಟು ಹೋದ. ಜೀನ್ಸ್ ಬಟ್ಟೆಯ ಚಿಕ್ಕ ಚೀಲ, ನಾಲ್ಕೂ ಬದಿ ಹೊಲಿದದ್ದು. ಒಳಗೆ ಬಿಸ್ಕತ್ತು ಎಂದು ಮುಟ್ಟಿದರೇ ಗೊತ್ತಾಗುತ್ತಿತ್ತು. ಕಾಗದ ಇಲ್ಲ, ಒಂದು ಸಾಲಿನ ಬರಹ ಇಲ್ಲ. ಮೇಲೆ 27 ಎಂಬ ಚೀಟಿ ಮಾತ್ರ ಅಂಟಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಿಚ್ಚದೆ ಗೂಟಕ್ಕೆ ನೇತುಹಾಕಿದೆ.

ಅಪ್ಪನಿಗೆ ಮಾತ್ರ ಸಿಟ್ಟು ಬರಲಿಲ್ಲ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಮುನಿಸಿಕೊಂಡು ಬಂದ ಮಗಳನ್ನು ಗಂಡನೇ ಎಲೆ ಅಡಿಕೆ ಹಿಡಿದು ಬಂದು ಕರೆಯಬೇಕು, ತವರಿನವರು ಎಲೆ ಅಡಿಕೆ ಮುಟ್ಟಿದರೆ ಕಳಿಸಲು ಒಪ್ಪಿದ ಹಾಗೆ. ಹನ್ನೊಂದು ವಾರದಿಂದ ಅಪ್ಪ ಅದಕ್ಕೇ ಕಾಯುತ್ತಿದ್ದರು. ಚೀಟಿ ನೋಡಿದವರೇ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. "ಇಪ್ಪತ್ತೇಳು, ಭಾನುವಾರ, ರಜಾ ದಿನ. ಬರೋ ದಿನ ಹೇಳಿ ಕಳ್ಸವ್ನೆ ಕಣೇ! ಮಾತು ಕಮ್ಮಿ ಆದ್ರೂ ಮಾನಸ್ಥ ನನ್ನಳಿಯ" ಎಂದು ಅಮ್ಮನನ್ನು ಕೂಗಿದರು.

ಅದು ತಾರೀಖಲ್ಲ, ಬಟ್ಟೆ ಕತ್ತರಿಸುವಾಗ ಅಂಟಿಸುವ ನಂಬರು ಎಂದು ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಯಾವುದೋ ತುಂಡಿನ ಮೇಲೆ ಉಳಿದುಕೊಂಡ ಚೀಟಿ ಇರಬೇಕು ಎಂದುಕೊಂಡೆ. ಆದರೆ ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಪ್ಪನ ಮಾತೇ ನಿಜವಾಗಲಿ ಎಂದು ನನಗೂ ಆಸೆಯಿತ್ತು. ಒಂಬತ್ತು ದಿನ ನಾನೂ ಕ್ಯಾಲೆಂಡರ್ ನೋಡಿದೆ.

ಮೊನ್ನೆ ಭಾನುವಾರ ಅಪ್ಪ ಬೆಳಿಗ್ಗೆಯೇ ಬಿಳಿ ಪಂಚೆ ಉಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಂತರು. ಅಮ್ಮ ಒಬ್ಬಟ್ಟು ತಟ್ಟಿದಳು. ನಿಮ್ಮ ಹೆಸರಿನಲ್ಲಿ ಒಂದು ಹುಂಜ ಹೋಯಿತು. ಪಕ್ಕದ ಮನೆ ತಿಪ್ಪಕ್ಕ, ಅಂಗಡಿ ಓಬಯ್ಯ, ನನಗೆ ಆರನೇ ಕ್ಲಾಸಿನಲ್ಲಿ ಪಾಠ ಹೇಳಿದ ಕದರಪ್ಪ ಮೇಷ್ಟ್ರು, ಹೀಗೆ ಬೀದಿಗೆ ಬೀದಿಯೇ ಜಗಲಿಯ ಮೇಲೆ ಕೂತಿತ್ತು. ಮಡಕಶಿರಾದಿಂದ ಬಂದ ಒಂದೊಂದು ಬಸ್ಸಿಗೂ ಅಪ್ಪ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಓಡಾಡಿದರಂತೆ. ಇಳಿದವರಲ್ಲಿ ನೀವಿರಲಿಲ್ಲ. ಮೂರು ಗಂಟೆಗೆ ಎಲ್ಲರೂ ನಿಮ್ಮ ಹುಂಜವನ್ನು ನಿಮ್ಮನ್ನು ಬಿಟ್ಟು ಊಟ ಮಾಡಿದರು. ಅಪ್ಪ ಒಂದು ತುತ್ತೂ ಮುಟ್ಟದೆ ಮೂಲೆಯಲ್ಲಿ ಕೂತರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಸಂಜೆ ಟೀ ಇಟ್ಟಾಗ ಜೊತೆಗೆ ಕೊಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ಆ ಚೀಲ ಬಿಚ್ಚೇ ಎಂದಳು ಅಮ್ಮ. ಬ್ಲೇಡು ತಂದು ಒಂದು ಬದಿಯ ಹೊಲಿಗೆ ಬಿಚ್ಚಿದೆ. ಎಂಥ ಹೊಲಿಗೆ ಅದು! ನೆಟ್ಟಗೆ ಒಂದು ಗೇಣು ಹೋಗಿರಲಿಲ್ಲ, ಎರಡು ಕಡೆ ದಾರ ಗಂಟು ಕಟ್ಟಿತ್ತು. ಯಾವ ಟೈಲರು ಹೀಗೆ ಹೊಲಿದನೋ ಎಂದು ನಗು ಬಂತು. ಅದೇ ನಾಲ್ಕಕ್ಷರದ ಬಿಸ್ಕತ್ತನ್ನೆಲ್ಲ ತಟ್ಟೆಗೆ ಸುರಿದು ಚೀಲ ಒಳಮಗ್ಗಲು ತಿರುಗಿಸಿದೆ. ಹಿಂದಿನ ತುಂಡಿನ ಒಳಗಡೆ ಇನ್ನೊಂದು ಚೀಟಿ ಅಂಟಿತ್ತು. ಅದರ ಮೇಲೂ 27.

ನಾನು ತಟ್ಟೆ ಅಲ್ಲೇ ಬಿಟ್ಟು ಚೀಲವನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂದಿನ ತುಂಡು ಕಡು ನೀಲಿ, ಹಿಂದಿನದು ತಿಳಿ ನೀಲಿ. ಅಪ್ಪನಿಗೆ ಬಿಡಿಸಿ ಹೇಳಿದೆ. ಪದರದ ಮೇಲೆ ಪದರ ಬಟ್ಟೆ ಹಾಸಿ ಕತ್ತರಿಸುತ್ತಾರೆ, ಒಂದು ಥಾನು ಬಟ್ಟೆಯ ಬಣ್ಣಕ್ಕೂ ಇನ್ನೊಂದರ ಬಣ್ಣಕ್ಕೂ ಕೊಂಚ ವ್ಯತ್ಯಾಸ ಇರುತ್ತದೆ, ಅದಕ್ಕೇ ಒಂದು ಪದರದ ತುಂಡುಗಳಿಗೆಲ್ಲ ಒಂದೇ ನಂಬರು ಅಂಟಿಸುತ್ತಾರೆ, ಒಂದೇ ನಂಬರು ಇದ್ದರೆ ಮಾತ್ರ ಎರಡು ಕಾಲನ್ನು ಜೋಡಿಸಿ ಪ್ಯಾಂಟು ಹೊಲಿಯುತ್ತಾರೆ. ಬೇರೆ ಬೇರೆ ಬಣ್ಣದ ಎರಡು ತುಂಡಿಗೆ ಒಂದೇ ನಂಬರು ಹಾಕಿದವನನ್ನು ಯೂನಿಟ್ಟಿನಿಂದ ಅವತ್ತೇ ಕಳಿಸುತ್ತಾರೆ. ಹನ್ನೆರಡು ವರ್ಷದ ಕೆಲಸದಲ್ಲಿ ನಿಮ್ಮ ಕೈಯಿಂದ ಒಂದು ಸಲವೂ ಆಗದ ತಪ್ಪು ಅದು. ನೀವು ಅದನ್ನು ಬೇಕೆಂದೇ ಮಾಡಿದ್ದಿರಿ. ಬಣ್ಣ ಬೇರೆಯಾದರೂ ನಾವಿಬ್ಬರೂ ಒಂದೇ ಜೋಡಿ, ಬಾ ಎಂದು ಕರೆದದ್ದು ಅದು ಎಂದೆ ಅಪ್ಪನಿಗೆ. ಅಮ್ಮ ನನ್ನ ಬೆನ್ನು ಸವರಿ ಟೀ ಸೋಸಲು ಹೋದಳು.

ಅಷ್ಟರಲ್ಲಿ ಜಗಲಿಯ ಮೇಲೆ ಬಿಸ್ಕತ್ತಿನ ಹೆಸರಿನ ಪಂಚಾಯ್ತಿ ಶುರುವಾಗಿತ್ತು. ಇದರಿಂದಲೇ ತಾನೇ ಸಂಸಾರ ಹಾಳಾದದ್ದು ಎಂದು ಎಲ್ಲರೂ ಒಂದೊಂದು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಓಬಯ್ಯ ಅದು ಈ ಬಿಸ್ಕತ್ತು ಮಾಡಿದ ಇಂಗ್ಲಿಷ್ ದೊರೆಯ ಹೆಸರು ಎಂದ. ತಿಪ್ಪಕ್ಕ ನೈಸೇ ಸರಿ, ತೆಲುಗಿನವರೂ ಹಾಗೇ ಅಂತಾರೆ ಎಂದಳು. ನಾನು ಗೆದ್ದೇ ಬಿಡುವ ಹುಮ್ಮಸ್ಸಿನಲ್ಲಿ, ಮೇಷ್ಟ್ರೇ, ನೀವೇ ಹೇಳಿಕೊಟ್ಟದ್ದಲ್ಲವಾ, ನೀಸ್ ಎಂದು, ಇವರಿಗೂ ಹೇಳಿ ಎಂದೆ. ಕದರಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಅಯ್ಯೋ ಅಮ್ಮಯ್ಯ, ನಂಗೆಲ್ಲಿ ಗೊತ್ತು? ಅವತ್ತು ಮೇಜಿನ ಮೇಲೆ ಅಟ್ಲಾಸ್ ಇತ್ತು, ಕೈಯಾಗೆ ಬಿಸ್ಕತ್ತಿತ್ತು. ಎರಡ್ರಾಗೂ ಅವೇ ನಾಲ್ಕಕ್ಷರ ಕಂಡ್ವು. ಸೇರ್ಸಿ ಹೇಳ್ದೆ. ನೀನದನ್ನ ಇಷ್ಟು ದಿನ ಇಟ್ಕೊಂಡಿದ್ಯಾ?" ಎಂದರು. ಜಗಲಿಯೇ ಅದುರುವ ಹಾಗೆ ಎಲ್ಲರೂ ನಕ್ಕರು. ಈ ಸಲ ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ. ಈ ಸಂಗತಿಯನ್ನು ನಿಮಗೆ ಹೇಳಲೇಬಾರದು ಎಂದುಕೊಂಡಿದ್ದೆ. ಇದರಿಂದ ನಿಮ್ಮ ನೈಸ್ ಸರಿಯಾಗಿಬಿಡುವುದಿಲ್ಲ, ಅದು ನೆನಪಿರಲಿ. ಮೇಷ್ಟ್ರು ಊಹಿಸಿ ಹೇಳಿದ್ದು ನಿಜವೂ ಆಗಿರಬಹುದು.

ಅಪ್ಪ ಮಾತ್ರ ಇನ್ನೂ ಬಿಗಿಯಾಗಿಯೇ ಇದ್ದರು. "ಚೀಟಿ ಅಂಟ್ಸಿದ್ರೆ ಕರ್ದಂಗಾಯ್ತಾ? ಎಲೆ ಅಡಿಕೆ ಎಲ್ಲಿ?" ಎಂದರು. ಅದುವರೆಗೂ ಬಿಸ್ಕತ್ತನ್ನು ಟೀಗೆ ಅದ್ದುತ್ತಿದ್ದ ಎರ್ರಮ್ಮಜ್ಜಿ ತಲೆಯೆತ್ತಿದಳು. "ಏನ್ಲಾ ಚಿಕ್ಕತಿಮ್ಮ, ಅಳಿಯ ಕಳ್ಸಿದ್ದನ್ನ ನೀನು ಎಷ್ಟು ತಿಂದೆ?" ಎಂದು ಕೇಳಿದಳು. ಅಪ್ಪ ತಡವರಿಸಿ ಎರಡು ಎಂದರು. ಮಧ್ಯಾಹ್ನದಿಂದ ಉಪವಾಸ ಇದ್ದವರಲ್ಲವೇ, ಪಾಪ. "ಎಲೆ ಅಡಿಕೆ ಮುಟ್ಟಿದ್ರೆ ಒಪ್ಕಂಡಂಗೆ ಅಂತೀಯ. ನೀನು ಮುಟ್ಟಿ, ತಿಂದು, ಟೀನೂ ಕುಡ್ದಿದ್ದೀಯ. ಬೀದಿನೋರೆಲ್ಲ ತಿಂದು ಸಾಕ್ಷಿ ಆಗವ್ರೆ. ಇನ್ನು ಕಳ್ಸಲ್ಲ ಅನ್ನಾಕೆ ನಿಂಗೆ ಬಾಯೆಲ್ಲೈತೆ?" ಎಂದಳು ಅಜ್ಜಿ. ಅಪ್ಪ ಕೈಯಲ್ಲಿ ಉಳಿದಿದ್ದ ಸಕ್ಕರೆಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಅವರೂ ನಕ್ಕುಬಿಟ್ಟರು.

ಸೋಮವಾರ ನಾನು ಓಬಯ್ಯನ ಅಂಗಡಿಯಿಂದ ಮರುಳಪ್ಪನವರ ಅಂಗಡಿಗೆ ಫೋನ್ ಮಾಡಿದೆ. ಅವರ ಮನೆಯವರು ದ್ರಾಕ್ಷಾಯಣಮ್ಮ ಎತ್ತಿದರು. ಆ ಚೀಲ ಯಾರು ಹೊಲಿದದ್ದು ಎಂದು ಕೇಳಿದೆ. "ನಿಮ್ಮ ಯಜಮಾನ್ರೇ ಹೊಲಿದದ್ದವ್ವ! ರುದ್ರಮುನಿ ಟೀ ಒಯ್ದಾಗ ನೋಡ್ಯಾನ. ಎಲ್ಲಾರೂ ಊಟಕ್ಕ ಹೋಗಿದ್ರಂತ, ಇವರೊಬ್ರೇ ಮಿಷಿನ್ ಮ್ಯಾಲ ಕೂತು ಬೆವರು ಒರಸ್ಕೊಂತ ಹೊಲೀತಿದ್ರಂತ. ಯಾರ ಮುಂದೂ ಹೇಳಬ್ಯಾಡ ಅಂದಾರ" ಎಂದರು. ರುದ್ರಮುನಿ ಯಾರ ಮುಂದೂ ಹೇಳಿಲ್ಲ, ಅತ್ತಿಗೆಯ ಮುಂದೆ ಮಾತ್ರ ಹೇಳಿದ್ದಾನೆ.

ಆದ್ದರಿಂದ ನನ್ನ ಮಾತು ಇಷ್ಟೇ. ಮಾಸ್ಟರೇ ಟೈಲರುಗಳ ಸಾಲಿನಲ್ಲಿ ಕೂತು ಹೊಲಿದಾಗ ಹೋಗದ ಮರ್ಯಾದೆ, ಮಾಸ್ಟರ್ ಹೆಂಡತಿ ಕೂತರೆ ಹೇಗೆ ಹೋಗುತ್ತದೆ? ನಾನು ಬಂದರೆ ಮಿಷಿನ್ ಮೇಲೆ ಕೂರುತ್ತೇನೆ. ನೀವು ಕತ್ತರಿಸಿದ್ದನ್ನು ನಾನು ಹೊಲಿಯುತ್ತೇನೆ. ಇದಕ್ಕೆ ಒಪ್ಪುವುದಾದರೆ ಮಾತ್ರ ಕರೆಯಿರಿ, ಇಲ್ಲವಾದರೆ ನಾನು ಮಡಕಶಿರಾದಲ್ಲೇ ಒಂದು ಮಿಷಿನ್ ನೋಡಿಕೊಳ್ಳುತ್ತೇನೆ. ನೀವಿಲ್ಲದೆ ಇರುವುದು ನನಗೆ ಸುಲಭ ಎಂದು ಬರೆದರೆ ಅದು ಸುಳ್ಳು.

ಚೀಲವನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಬಿಚ್ಚಿದ ಒಂದು ಬದಿಯನ್ನು ನಾನು ಹೊಲಿಯುತ್ತೇನೆ. ಉಳಿದ ಮೂರು ಬದಿ ಸೊಟ್ಟಗಿದ್ದರೂ ನಿಮ್ಮದೇ ಇರಲಿ.

ನಿಮ್ಮ ಬಾಯಲ್ಲಿ 'ಇವಳು',
ಆಶಾರಾಣಿ

ಮರೆತದ್ದು: (30-10-2002, ರಾಯದುರ್ಗ) ಈ ಕಾಗದಕ್ಕೆ ಸ್ಟಾಂಪ್ ಇಲ್ಲ ಎಂದು ಆಗಲೇ ನೋಡಿರುತ್ತೀರಿ. ರುದ್ರಮುನಿ ನಾಲ್ಕು ಗಂಟೆಯ ಟೀ ಜೊತೆಗೇ ಇದನ್ನು ತಂದಿದ್ದಾನೆ. ತಟ್ಟೆಯಲ್ಲಿ ಎರಡು ಬಿಸ್ಕತ್ತಿವೆ, ಎರಡನ್ನೂ ಒಬ್ಬರೇ ತಿನ್ನಬೇಡಿ. ಕರೆಯದೆ ಹೊಸ್ತಿಲು ದಾಟುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಯಾವ ಹೊಸ್ತಿಲು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಯೂನಿಟ್ಟಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಿಸ್ಕತ್ತನ್ನು ನೀವು ಏನೆಂದು ಬೇಕಾದರೂ ಕರೆದುಕೊಳ್ಳಿ, ನನ್ನನ್ನು ಮಾತ್ರ ಎಲ್ಲರಿಗೂ ಕೇಳಿಸುವ ಹಾಗೆ ಹೆಸರು ಹಿಡಿದು ಒಳಗೆ ಕರೆಯಿರಿ. ನನ್ನದೂ ನಾಲ್ಕೇ ಅಕ್ಷರ, ಅದರಲ್ಲಿ ಯಾರದೂ ತಕರಾರಿಲ್ಲ.