ಪೊನ್ನುತಾಯಿಯನ್ನು ತಿರುಗಿಸಿ ನಿಲ್ಲಿಸಿದವನಿಗೆ

ಕಾಮಯಗೌಂಡನ್‌ಪಟ್ಟಿ,
ಹೇವಿಳಂಬಿ ವರ್ಷ, ಪುರಟ್ಟಾಸಿ ಹನ್ನೆರಡು

ದಿಂಡಿಗಲ್ಲಿನಲ್ಲಿ ಹೊಗೆಸೊಪ್ಪು ಸುತ್ತುವ ಸುರುಟ್ಟು ಕೊಟ್ಟಡಿಯಲ್ಲಿ ಮೇಸ್ತ್ರಿಯಾಗಿರುವ ಮೊಮ್ಮಗ ಅಳಗರನಿಗೆ, ನಿನ್ನ ತಾಯಿಯ ತಾಯಿ ಕಾಮಾಕ್ಷಿಯಮ್ಮಾಳ್ ಬರೆಯುವುದು. ಇಲ್ಲಿ ನಾನು, ನಿನ್ನ ಮಾಮ ಪಳನಿಸಾಮಿ, ಅವನ ಹೆಂಡತಿ ಕಮಲಮ್ಮಾಳ್ ಎಲ್ಲರೂ ಸುಖ. ನೀನೂ ಸುಖವಾಗಿರು. ಮೈಯಲ್ಲಿ ಶಕ್ತಿ ಇದ್ದರೆ ತಾನೇ ನನ್ನ ಬೈಗಳನ್ನು ತಾಳಿಕೊಳ್ಳಲು ಆಗುವುದು.

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ತಡವಾದದ್ದಕ್ಕೆ ಮನ್ನಿಸು. ಕೈನೋವು ಎಂದು ಬರೆಯಬಹುದಿತ್ತು, ಆದರೆ ಕೈ ಚೆನ್ನಾಗಿಯೇ ಇದೆ. ಮೂರು ಸಲ ಬರೆದೆ, ಮೂರು ಸಲವೂ ಒಲೆಗೆ ಹಾಕಿದೆ. ಆ ಮಾತುಗಳನ್ನು ಟಪಾಲಿನವನು ಹೊತ್ತಿದ್ದರೆ ದಾರಿಯಲ್ಲೇ ಅವನ ಚೀಲ ಹತ್ತಿಕೊಳ್ಳುತ್ತಿತ್ತು. “ಅಮ್ಮಾಚಿ, ತೋಟ ನೋಡಿ ಸಂತೋಷ ಆಯ್ತಾ?” ಎಂದು ಕೇಳಿದ್ದೀಯ. ಆಯಿತಪ್ಪಾ, ಆಯಿತು. ಮನೆಯಲ್ಲಿ ಇಲ್ಲದಿದ್ದಾಗ ಬೇರೆಯವರು ಬಂದು ತಲೆ ಬೋಳಿಸಿ ಹೋದರೆ ಎಷ್ಟು ಸಂತೋಷವಾಗುತ್ತದೋ ಅಷ್ಟು ಆಯಿತು.

ಆಡಿ ತಿಂಗಳಲ್ಲಿ ನನ್ನ ತಂಗಿ ಕಾಲು ಮುರಿದುಕೊಂಡಳೆಂದು ನಾನು ಉತ್ತಮಪಾಳೆಯಕ್ಕೆ ಹೋಗಿ ಇಪ್ಪತ್ತು ದಿನ ಇದ್ದೆ. ನೀನು ಬರುತ್ತೀ ಎಂದು ಒಂದು ಸಾಲು ಬರೆದಿದ್ದರೆ ಅವಳನ್ನು ಹಾಗೇ ಮಲಗಿಸಿ ಓಡಿ ಬರುತ್ತಿದ್ದೆ. ನೀನು ಬರೆಯಲಿಲ್ಲ. ಬಂದೆ, ನಾಲ್ಕು ದಿನ ಇದ್ದೆ, ತೋಟದಲ್ಲಿ ಕೈ ಆಡಿಸಿದೆ, ಹೊರಟುಹೋದೆ. ನಾನು ಬಂದು ಅಡುಗೆಮನೆಯ ಹಿಂಬಾಗಿಲು ತೆಗೆದೆ. ಬಾವಿಯ ಆಚೆ ನಿನ್ನ ತಾಯಿ ನನ್ನ ಕಡೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿದ್ದ ಕೊಡ ಬಿದ್ದುಹೋಯಿತು. ಹಿತ್ತಾಳೆ ಕೊಡ, ಈಗ ಹೊಟ್ಟೆ ತಗ್ಗಾಗಿ ಕೂತಿದೆ. ಅದೂ ನಿನ್ನ ಲೆಕ್ಕಕ್ಕೇ.

ನೀನು ಮೂರು ತಪ್ಪು ಮಾಡಿದ್ದೀ. ಬಣ್ಣ ಹಚ್ಚಿದ್ದೀ, ಗಾರೆ ಹಾಕಿದ್ದೀ, ತಿರುಗಿಸಿದ್ದೀ. ಮೊದಲಿನ ಎರಡನ್ನು ದಿಂಡಿಗಲ್ಲಿನ ಬುದ್ಧಿ ಎಂದು ಬಿಟ್ಟೇನು. ಮೂರನೆಯದನ್ನು ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಹೆರಿಗೆಯಲ್ಲಿ ಹೋದ ಹೆಣ್ಣುಮಕ್ಕಳನ್ನು ಮರದಲ್ಲಿ ಕೆತ್ತಿಸಿ ತೋಟದಲ್ಲಿ ನಿಲ್ಲಿಸುತ್ತೇವೆ. ಗಂಡಸಿಗೆ ಕಲ್ಲು, ಹೆಣ್ಣಿಗೆ ಮರ. ಸೊಸೆಯಾಗಿ ಬಂದ ಹೊಸದರಲ್ಲಿ ಇದು ಯಾಕೆ ಎಂದು ನಾನು ಅತ್ತೆಯನ್ನು ಕೇಳಿದ್ದೆ. “ಕಲ್ಲು ಯಾರೂ ನೋಡ್ದೆ ಇದ್ರೂ ಇರತ್ತೆ ಮಗಳೇ. ಮರ ಇರಾಕೆ ಒಂದು ಕೈ ಬೇಕು. ಆ ಕೈ ಇರ್ಲಿ ಅಂತಲೇ ಮರ,” ಅಂದಳು. ಇದನ್ನೆಲ್ಲ ನೀನು ಮೊಣಕಾಲುದ್ದ ಇದ್ದಾಗಲೇ ನಿನಗೆ ಹೇಳಿದ್ದೇನೆ. ಹೊನ್ನೆಮರದ ಕೆಚ್ಚನ್ನೇ ತರಬೇಕು. ನೆಲದೊಳಗೆ ಹೋಗುವ ಬುಡವನ್ನು ಕಪ್ಪಗೆ ಸುಡಬೇಕು. ಗುಂಡಿಯ ತಳಕ್ಕೆ ಜಲ್ಲಿ, ಅದರ ಮೇಲೆ ಹೊಳೆಮರಳು. ನೀರು ನಿಲ್ಲದೆ ಇಳಿದುಹೋಗಬೇಕು. ತಿಂಗಳಿಗೊಮ್ಮೆ ಬಿಸಿ ಮಾಡಿದ ಬೇವಿನೆಣ್ಣೆ. ಬಿರುಕು ಬಿಟ್ಟರೆ ಜೇನುಮೇಣ. ಐಪ್ಪಸಿ ಮಳೆಗೆ ಮುಂಚೆ ತಲೆಯ ಮೇಲೆ ತಾಳೆಗರಿಯ ಸೂರು. ಇಷ್ಟೇ. ಇಷ್ಟರಲ್ಲೇ ನನ್ನ ಅತ್ತೆಯ ನಾದಿನಿಯರಿಬ್ಬರು ಎಪ್ಪತ್ತು ವರ್ಷದಿಂದ ನಿಂತಿದ್ದಾರೆ. ಮೂಗು ಸವೆದಿದೆ, ಕಾಲು ಸವೆದಿಲ್ಲ.

ನೀನೋ, ಇಟ್ಟಿಗೆ ಕಟ್ಟಿ ಗಾರೆ ಸುರಿದು ನನ್ನ ಪೊನ್ನುತಾಯಿಯನ್ನು ಮೊಣಕಾಲ ತನಕ ಹೂತಿದ್ದೀ. ಅಣೆ ಕಟ್ಟಿ ಮಲೆಯಾಚೆಯ ಹೊಳೆನೀರನ್ನು ಈ ಕಡೆಗೆ ಬಿಟ್ಟು ಎರಡು ವರ್ಷವಾಯಿತು, ಗೊತ್ತಿಲ್ಲವೇ? ತೋಟದಲ್ಲಿ ಮೊಳ ಅಗೆದರೆ ತೇವ. ಆ ತೇವ ಗಾರೆಯೊಳಗೆ ಏರಿ ಅಲ್ಲೇ ಕೂರುತ್ತದೆ. ಮೇಲೆ ಬಿದ್ದದ್ದು ಇಳಿಯಲು ದಾರಿಯಿಲ್ಲ. ಮೊನ್ನೆ ಗಾರೆಯ ಅಂಚಿನಲ್ಲಿ ಉಗುರಿನಿಂದ ಒತ್ತಿ ನೋಡಿದೆ, ಮರ ಬೆಲ್ಲದ ಹಾಗೆ ಒತ್ತಿಕೊಂಡಿತು. ಈ ಮಳೆಗಾಲ ಹೀಗೇ ನಿಂತರೆ ಮುಂದಿನ ಪೊಂಗಲ್‌ಗೆ ನಿನ್ನ ತಾಯಿ ಇರುವುದಿಲ್ಲ. ಒಂದು ಸಲ ಹೋದವಳು ಎರಡನೆಯ ಸಲ ಹೋಗುತ್ತಾಳೆ.

ಬಣ್ಣದ ಮಾತು ಏನು ಹೇಳಲಿ! ಕೆನ್ನೆಗೆ ಕೆಂಪು, ಸೀರೆಗೆ ಹಸಿರು. ನಿಮ್ಮ ಸುರುಟ್ಟು ಪೆಟ್ಟಿಗೆಯ ಮೇಲಿನ ಬೊಂಬೆ ನಾಚಬೇಕು. ಡಬ್ಬಿಯ ಬಣ್ಣ ಬಳಿದ ಮೇಲೆ ಎಣ್ಣೆ ಎಲ್ಲಿಂದ ಒಳಗೆ ಹೋಗುತ್ತದೆ?

ಕಮಲಮ್ಮಾಳನ್ನು ನಿಲ್ಲಿಸಿ ಕೇಳಿದೆ. “ಮನೇಲಿ ನೀನೊಬ್ಬಳು ಇದ್ದೆಯಲ್ಲ, ಬಾಯಲ್ಲಿ ಎಲೆ ಅಡಿಕೆ ತುಂಬಿತ್ತಾ?”

ಅವಳು ನನ್ನ ಸೊಸೆ, ಬಿಡುತ್ತಾಳೆಯೇ? “ನಾ ಏನ್ ಹೇಳ್ಲಿ ಅತ್ತೆ? ಬಂದ ದಿನವೇ ತೋಟಕ್ಕೆ ಹೋಗಿ ನಿಂತ್ಕಂಡ. ‘ಆ ಇಬ್ರು ಅಜ್ಜಿಗಳೂ ಮನೆ ನೋಡ್ಕಂಡು ನಿಂತವರೆ, ನಮ್ಮವ್ವ ಮಾತ್ರ ಯಾಕೆ ಮನೆಗೆ ಬೆನ್ನು ಹಾಕವಳೆ? ಅವಳೇನ್ ತಪ್ಪು ಮಾಡಿದ್ಲು?’ ಅಂತ ಕೇಳ್ದ. ಕಣ್ಣಲ್ಲಿ ನೀರು. ಅದಕ್ಕೆ ನಾ ಏನ್ ಬದಲು ಹೇಳ್ಬೇಕಿತ್ತು? ನಿಮ್ಗೆ ಗೊತ್ತಿದ್ರೆ ನೀವೇ ಹೇಳಿ.”

ನನಗೆ ಗೊತ್ತು. ಹೇಳುತ್ತೇನೆ, ಕೇಳು. ನಿನ್ನ ತಾಯಿ ಆಂಡಿಪಟ್ಟಿಗೆ ಕೊಟ್ಟ ಹೆಣ್ಣು. ಕೊಟ್ಟ ಮೇಲೆ ಅವಳು ಆ ಮನೆಯ ದೀಪ. ಆ ಇಬ್ಬರು ಗಂಡ ಸತ್ತು ತವರಿಗೆ ಬಂದು ಇಲ್ಲೇ ಹೆತ್ತು ಹೋದವರು, ಇಲ್ಲಿ ನೋಡುತ್ತಾರೆ. ಪೊನ್ನುತಾಯಿ ಗಂಡನ ಊರಿನ ದಾರಿ ನೋಡಬೇಕು. ಅದಕ್ಕೇ ಮೂಡಲಿಗೆ ಮುಖ ಮಾಡಿ ನಿಲ್ಲಿಸಿದ್ದೆ. ಇಪ್ಪತ್ತೆರಡು ವರ್ಷ ಊರಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ನೀನು ಹುಟ್ಟುವ ಮೊದಲಿನ ಪದ್ಧತಿಯನ್ನು ನೀನು ಬಂದು ತಿದ್ದಬೇಕಾಗಿಲ್ಲ.

ಆಮೇಲೆ ಬಡಗಿ ಪಿಚ್ಚೈ ಆಸಾರಿಯನ್ನು ಕರೆಸಿದೆ. ಅವಳನ್ನು ಕೆತ್ತಿದವನು ಅವನ ಅಪ್ಪ. ಅಪ್ಪನ ಕೈ ಬಂಗಾರ, ಮಗನದು ತಗಡು. ಬಂದು ದೂರದಲ್ಲೇ ನಿಂತ.

“ಯಾಕ್ ಆಸಾರಿ, ಗಾರೆ ಹಾಕೋವಾಗ ನಿಮ್ಮಪ್ಪ ನೆಪ್ಪಿಗೆ ಬರ್ಲಿಲ್ವಾ?” ಅಂದೆ.

“ನಾ ಬೇಡ ಬೇಡ ಅಂದೆ ಆತ್ತಾ. ಅಳಗರ್ ತಂಬಿ ಕೇಳ್ಲಿಲ್ಲ. ದಿಂಡಿಗಲ್ನಾಗೆ ಕೊಟ್ಟಡಿ ದೊರೆ ಬಂಗಲೆ ತೋಟದಾಗೆ ಹಿಂಗೇ ನಿಲ್ಸವರಂತೆ, ಪರವಾಗಿಲ್ಲ, ಮಾಡು ಅಂದ್ರು.”

“ದೊರೆ ಬಂಗಲೆಲಿ ಬಾವಿಗೆ ಬೀಳ್ತಾರಂತೆ. ಬೀಳ್ತೀಯಾ?”

ಒಡೆದು ತೆಗೆ ಅಂದರೆ ಆಗುವುದಿಲ್ಲ ಅಂದ. “ನಿಲ್ಸಿದ ಕೈಯೇ ಕೀಳ್ಬೇಕು ಆತ್ತಾ. ಬೇರೆ ಕೈ ಹಾಕಿದ್ರೆ ಹೆಣದ ಮೇಲೆ ಕೈ ಹಾಕ್ದಂಗೆ. ನಮ್ಮಪ್ಪ ನಿಲ್ಸಿದ್ದು ಅಂತ ಹಳೇದನ್ನ ನಾ ಕಿತ್ತೆ, ಈ ಸಲ ಮೊದಲ ಬೊಗಸೆ ಗಾರೆ ತಂಬಿಯೇ ಹಾಕಿದ್ದು.” ಇದು ನಿಜ, ನನಗೂ ಗೊತ್ತು. ನಾನೇ ಹಾರೆ ಹಿಡಿದು ಹೋಗಿದ್ದೆ. ಹಾರೆಯನ್ನು ಬಾವಿಕಟ್ಟೆಗೆ ಒರಗಿಸಿ ಬಂದೆ.

ಆದ್ದರಿಂದ ನೀನೇ ಬರಬೇಕು. ಐಪ್ಪಸಿ ಹುಟ್ಟುವ ಮೊದಲು ಬರಬೇಕು. ಆಸಾರಿ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾನೆ, ನೀನು ಕೈಯಾರೆ ಗಾರೆ ಒಡೆಯಬೇಕು. ಕೊಳೆತದ್ದನ್ನು ಕತ್ತರಿಸಿ, ಹೊಸ ಬುಡ ಕೂಡಿಸಿ, ಸುಟ್ಟು, ಮರಳಲ್ಲಿ ನಿಲ್ಲಿಸಬೇಕು. ಮುಖ ಮೊದಲಿನ ಹಾಗೆ ಮೂಡಲಿಗೆ. ದೊರೆ ರಜೆ ಕೊಡುವುದಿಲ್ಲ ಎಂದು ಬರೆಯಬೇಡ. ನಿನ್ನ ತಾಯಿಯನ್ನು ನಿಲ್ಲಿಸಲು ರಜೆ ಕೊಟ್ಟವನು ಕೀಳಲು ಕೊಡುವುದಿಲ್ಲವೇ?

ಇಷ್ಟು ಬೈದ ಮೇಲೆ ಒಂದು ಮಾತು. ನೀನು ಕೆಟ್ಟದ್ದಕ್ಕೆ ಮಾಡಲಿಲ್ಲ. ಗಾರೆ ಕಟ್ಟೆಯ ಸುತ್ತ ನೀನು ಗುಬ್ಬಿ ನೀರು ಕುಡಿಯಲೆಂದು ತೋಡಿರುವ ಸಣ್ಣ ಕುಳಿಗಳನ್ನು ನೋಡಿದೆ. ಯಾರಿಂದ ಬಂದ ಬುದ್ಧಿ ಅದು, ನನಗೆ ಗೊತ್ತು. ಪೊನ್ನುತಾಯಿಯೂ ಹಾಗೇ, ಕೇಳದೆ ಒಳ್ಳೆಯದು ಮಾಡಿ ಬೈಸಿಕೊಳ್ಳುವವಳು. ಆ ಕುಳಿ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ. ಅದಕ್ಕೂ ನಿನ್ನ ಮೇಲೇ ಕೋಪ ಬಂತು.

ನೀನು ನೂರು ಕಾಲ ಬಾಳು. ಮೈಗೆ ನೋವಿಲ್ಲದ ಕೆಲಸ, ಬಾಯಿಗೆ ಬಿಸಿ ಊಟ, ನನ್ನ ಹಾಗೆ ನಾಲಿಗೆ ಉದ್ದವಿಲ್ಲದ ಹೆಂಡತಿ ನಿನಗೆ ಸಿಗಲಿ. ನಮ್ಮ ಕುಲದ ದೇವರು ನಿನ್ನ ತಲೆ ಕಾಯಲಿ.

ಇಂತು, ಕೋಪ ಇಳಿಯದ
ಅಮ್ಮಾಚಿ ಕಾಮಾಕ್ಷಿಯಮ್ಮಾಳ್

ತಾ. ಕ. — ಬರೆದು ಎರಡು ದಿನವಾಯಿತು. ಟಪಾಲಿಗೆ ಹಾಕಲಿಲ್ಲ.

ಮೇಲೆ ದೀಪ, ದಾರಿ ಎಂದೆಲ್ಲ ಬರೆದಿದ್ದೇನೆ. ಸುಳ್ಳು. ಅಂಥ ಪದ್ಧತಿ ಇಲ್ಲ. ನಾನೇ ಕಟ್ಟಿದ ಮಾತು, ಊರು ಯಾಕೆಂದು ಕೇಳಲೂ ಇಲ್ಲ.

ನಿನ್ನ ತಾಯಿಗೆ ಏಳನೆಯ ತಿಂಗಳಲ್ಲಿ ಬಳೆ ತೊಡಿಸಲು ಆಂಡಿಪಟ್ಟಿಗೆ ಹೋದೆ. ತೊಡಿಸಿ, ಹೆರಿಗೆಗೆ ಕರೆತರುವುದೆಂದು ಮಾತು. ನಾನು ಒಯ್ದ ಸೀರೆಯನ್ನು ಅವಳ ಅತ್ತೆ ಹತ್ತು ಜನರ ನಡುವೆ ಎತ್ತಿ ಹಿಡಿದು, “ಈರುಳ್ಳಿ ಸಿಪ್ಪೆ ತಂದವಳೆ ನಮ್ಮ ಬೀಗತಿ,” ಎಂದು ನಕ್ಕಳು. ನಾನು ಎದ್ದು ಬಂದುಬಿಟ್ಟೆ. ಮಗಳನ್ನು ಕರೆತರಲಿಲ್ಲ. ಅವರೇ ತಂದು ನನ್ನ ಬಾಗಿಲಲ್ಲಿ ಬಿಡಲಿ ಅಂದೆ. ತವರಿನವರು ಕರೆಯದೆ ಹೆಣ್ಣು ಹೊಸಲು ದಾಟಬಾರದು ಎಂದು ಅವರು ಕೂತರು. ಅವಳು ಉಪ್ಪು ಮಾರುವವಳ ಹತ್ತಿರ ಎರಡು ಸಲ ಹೇಳಿ ಕಳಿಸಿದಳು: “ಅವ್ವಾ, ಬಂಡಿ ಕಳ್ಸು.” ಬಂಡಿ ಅಂಗಳದಲ್ಲೇ ಇತ್ತು. ಎತ್ತುಗಳು ಕೊಟ್ಟಿಗೆಯಲ್ಲಿ ಕಟ್ಟಿಯೇ ಇದ್ದವು. ನಾನು ಕಳಿಸಲಿಲ್ಲ. ಮೂರು ದಿನ ನೋವು ತಿಂದು, ನಿನ್ನನ್ನು ಹೆತ್ತು ಹೋದಳು. ಆಗ ಹೋಯಿತು ಬಂಡಿ, ನಿನ್ನನ್ನು ತರಲು.

ಆಸಾರಿಯ ಅಪ್ಪ ಅವಳ ಮುಖವನ್ನು ಇದ್ದ ಹಾಗೇ ಕೆತ್ತಿಬಿಟ್ಟ. ನೋಡಲಾಗಲಿಲ್ಲ ನನ್ನ ಕೈಲಿ. ತಿರುಗಿಸಿ ನಿಲ್ಲಿಸು ಅಂದೆ. ಇಷ್ಟು ವರ್ಷ ಹಿಂದಿನಿಂದಲೇ ಕೈ ಚಾಚಿ, ತಡವಿ, ಮುಖಕ್ಕೆ ಎಣ್ಣೆ ಹಚ್ಚಿದೆ. ನೀನು ತಿರುಗಿಸಿದ ಮೇಲೆ ಬೀದಿ ಬಾಗಿಲಿಂದ ಸುತ್ತಿಕೊಂಡು ನೀರಿಗೆ ಹೋಗುತ್ತಿದ್ದೆ. ನಿನ್ನೆ ಮಾತ್ರ ಎದುರಿಗೆ ನಿಂತು, ತೆಂಗಿನ ನಾರನ್ನು ಎಣ್ಣೆಯಲ್ಲಿ ಅದ್ದಿ, ಆ ಕೆಂಪು ಬಣ್ಣವನ್ನು ಕೆನ್ನೆಯಿಂದ ಉಜ್ಜಿ ತೆಗೆದೆ. ಸಂಜೆಯಾಯಿತು. ಎಷ್ಟು ಚಿಕ್ಕವಳು ಅಳಗರ್, ನಿನಗಿಂತ ಚಿಕ್ಕವಳು.

ಅವಳ ತಪ್ಪೇನು ಎಂದು ಕೇಳಿದ್ದೆಯಲ್ಲ, ಇದೇ ಅದಕ್ಕೆ ಉತ್ತರ. ಮುಖ ಯಾವ ಕಡೆ ಇರಬೇಕು ಎಂದು ಇನ್ನು ನಾನು ಹೇಳುವುದಿಲ್ಲ. ನೀನು ಹೇಳು. ಇದನ್ನು ಓದಿ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ನೋಡಬೇಡ, ಅವಳನ್ನಾದರೂ ಗಾರೆಯಿಂದ ಬಿಡಿಸಿ ಹೋಗು.

ನೀನು ಬರುತ್ತೀಯೋ ಇಲ್ಲವೋ ಎಂದು ಉತ್ತರಕ್ಕೆ ಕಾಯುತ್ತಾ ಕೂರುವುದಿಲ್ಲ. ಈ ಕಾಗದವನ್ನು ನಿನ್ನ ಮಾಮನ ಕೈಗೆ ಕೊಟ್ಟಿದ್ದೇನೆ. ಓದುವ ಹೊತ್ತಿಗೆ ನಮ್ಮ ಬಂಡಿ ನಿನ್ನ ಬಾಗಿಲಲ್ಲಿ ನಿಂತಿರುತ್ತದೆ. ಐದು ದಿನ ನಡೆದು ಬಂದ ಎತ್ತುಗಳು. ನೀರು ಕುಡಿಸು, ಒಂದು ರಾತ್ರಿ ಮಲಗಿಸು, ಹತ್ತಿ ಬಾ.